ಮೋಟ್ರು ಹಗಲಿಗೆ ಬರಲಿ, ನಾಟಕಕ್ಕೆ ರಾತ್ರಿ ಸಿಗಲಿ

(ಚಿತ್ರದುರ್ಗದಲ್ಲಿ ಮಾಡಿದ ಉಪನ್ಯಾಸ, ಮಾತಾಡಿದ ಹಾಗೇ ಟೈಪ್ ಮಾಡಿದ್ದು)

ಎಲ್ಲರಿಗೂ ನಮಸ್ಕಾರ. ಕಲೆ, ಕೆಲಸದ ಟೈಮು, ಕರೆಂಟು, ಈ ಮೂರೂ ಒಂದೇ ಭಾಷಣದಲ್ಲಿ ಯಾಕೆ ಬರ್ತವೆ ಅಂತ ಕೆಲವರು ಬಾಗಿಲಲ್ಲೇ ಕೇಳಿದ್ರು. ನಮ್ಮ ಜಿಲ್ಲೆಯ ಯಾವುದಾದ್ರೂ ಹಳ್ಳಿಗೆ ನಾಟಕದ ತಾಲೀಮು ನಡೆಯೋ ಟೈಮಲ್ಲಿ ಹೋಗಿ ಕೂತ್ಕೊಳ್ಳಿ, ಗೊತ್ತಾಗುತ್ತೆ.

ಶಾಲೆ ಜಗುಲಿ ಮೇಲೆ ಮೇಷ್ಟ್ರು ಹಾರ್ಮೋನಿಯಂ ಇಟ್ಕೊಂಡು ಕೂತಿರ್ತಾರೆ, ಭೀಮನ ಪಾತ್ರ ಹಾಕಿರೋ ಹುಡುಗ ಕಂದಪದ್ಯದ ಎರಡನೇ ಸಾಲಲ್ಲಿ ಶ್ರುತಿ ಬಿಡ್ತಿರ್ತಾನೆ, ಮೇಷ್ಟ್ರು ಬೈಯಲ್ಲ, ಅದೇ ಸಾಲು ಮತ್ತೆ ಎತ್ತಿಸ್ತಾರೆ, ಮೂರನೇ ಸಲಕ್ಕೆ ಇನ್ನೇನು ಕೂಡ್ತು ಅನ್ನೋವಷ್ಟರಲ್ಲಿ ಯಾರದೋ ಫೋನು. "ತ್ರೀ ಫೇಸ್ ಬಂತಂತೆ ಕಣ್ರಪ್ಪಾ." ಅಂದ್ರೆ ಬೋರ್‌ವೆಲ್ ಮೋಟ್ರು ಓಡಿಸೋ ಕರೆಂಟು ಬಂತು. ಮುಗೀತು. ಭೀಮ ತಲೆಗೆ ಟವೆಲ್ ಸುತ್ಕೊಂಡು ಟಾರ್ಚ್ ಹಿಡ್ಕೊಂಡು ಬೈಕ್ ಹತ್ತುತಾನೆ, ಇಬ್ಬರ ಹೊಲಾನೂ ಒಂದೇ ದಿಕ್ಕಿಗೆ ಇರೋದ್ರಿಂದ ದುರ್ಯೋಧನ ಹಿಂದೆ ಕೂರ್ತಾನೆ. ಬೋರ್‌ವೆಲ್ ಇಲ್ಲದವರು ಮಾತ್ರ ಉಳೀತಾರೆ. ಹಾವು, ಕರಡಿ, ಚಿರತೆ ಎಲ್ಲಾ ಇರೋ ದಾರೀಲಿ ಹೋಗಿ ಮಡೆ ತಿರುವಿ, ಅಂದ್ರೆ ನೀರನ್ನ ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಟ್ಟು, ಬೆಳಗಿನ ಜಾವ ಮನೆಗೆ ಬಂದು ಮಲಗ್ತಾರೆ. ಮಾರನೇ ದಿನ ಯಾರೋ ಒಬ್ಬರು ವೇದಿಕೆ ಹತ್ತಿ "ಈಗಿನ ಹುಡುಗರಿಗೆ ಕಲೆ ಮೇಲೆ ಆಸಕ್ತಿನೇ ಇಲ್ಲ, ಮೊಬೈಲ್ ಬಂದು ಎಲ್ಲಾ ಹಾಳಾಯ್ತು" ಅಂತಾರೆ.

ನಾನು ಇದನ್ನ ಒಪ್ಪಲ್ಲ. ಪಾತ್ರಕ್ಕೆ ಇಷ್ಟು ಅಂತ ತಮ್ಮ ಕೈಯಿಂದ ದುಡ್ಡು ಹಾಕಿ, ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ತಂದು ನಾಟಕ ಆಡೋ ಜನಕ್ಕೆ ಆಸಕ್ತಿ ಇಲ್ಲ ಅಂದ್ರೆ ಹೆಂಗೆ? ಆಸಕ್ತಿ ಇದೆ, ರಾತ್ರಿ ಇಲ್ಲ. ಅವರ ರಾತ್ರಿನ ನಾವು ಮೋಟ್ರಿಗೆ ಕೊಟ್ಟಿದೀವಿ.

ಯಾಕೆ ಕೊಟ್ವಿ ಅನ್ನೋದಕ್ಕೆ ಕಾರಣ ಇದೆ, ಆ ಕಾಲಕ್ಕೆ ಅದು ಸರಿಯಾದ ಕಾರಣನೇ. ರಾಯಚೂರು, ಬಳ್ಳಾರಿ ತರದ ಕಲ್ಲಿದ್ದಲು ಸ್ಥಾವರಗಳನ್ನ ರಾತ್ರಿ ಜನ ಮಲಗಿದ್ರು ಅಂತ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಕ್ಕಾಗಲ್ಲ, ಬಾಯ್ಲರ್ ಬಿಸಿ ಇಟ್ಕೊಂಡು ಒಂದು ಮಟ್ಟಕ್ಕಾದ್ರೂ ಓಡಿಸ್ತಾನೇ ಇರಬೇಕು. ಶರಾವತಿ ನೀರಾದ್ರೆ ಗೇಟ್ ಹಾಕ್ಬಹುದು, ಕಲ್ಲಿದ್ದಲಿಗೆ ಆ ಸೌಕರ್ಯ ಇಲ್ಲ. ಅದಕ್ಕೆ ರಾತ್ರಿ ಉಳಿಯೋ ಕರೆಂಟನ್ನ ರೈತರ ಪಂಪ್‌ಸೆಟ್ಟಿಗೆ ತಿರುಗಿಸಿದ್ರು. ಏಳು ತಾಸು ತ್ರೀ ಫೇಸ್ ಅಂತಾರಲ್ಲ, ಅದನ್ನ ಕೆಲವು ಕಡೆ ಹಗಲಿಗಿಷ್ಟು ರಾತ್ರಿಗಿಷ್ಟು ಅಂತ ಒಡೆದು ಕೊಡ್ತಾರೆ, ಕೆಲವು ಕಡೆ ಪಾಳಿ ಬದಲಾಗ್ತಾ ಇರುತ್ತೆ. ಹತ್ತು ಎಚ್‌ಪಿವರೆಗೆ ಬಿಲ್ ಇಲ್ಲ, ಹಂಗಾಗಿ ಕೊಟ್ಟಾಗ ತಗೋಬೇಕು, ಟೈಮ್ ಕೇಳೋ ಹಕ್ಕು ನಮಗಿಲ್ಲ ಅಂತ ರೈತರೂ ನಂಬಿಬಿಟ್ಟಿದಾರೆ.

ಈಗ ಲೆಕ್ಕ ತಲೆಕೆಳಗಾಗಿದೆ. ಚಳ್ಳಕೆರೆ ದಾಟಿದ್ರೆ ಪಾವಗಡ, ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಂಥವು ರಾಜ್ಯದ ತುಂಬ ಬಂದ್ವು, ಹಗಲು ಹನ್ನೊಂದರಿಂದ ಮೂರರವರೆಗೆ ಕರೆಂಟು ಚೆಲ್ಲೋವಷ್ಟು ಬರುತ್ತೆ, ಸಂಜೆ ಆರಕ್ಕೆ ಸೂರ್ಯ ಇಳೀತಿದ್ದಂಗೆ ಎಲ್ಲರ ಮನೆ ಲೈಟು, ಟಿವಿ, ಫ್ಯಾನು ಒಟ್ಟಿಗೇ ಎದ್ದು ಆರರಿಂದ ಹತ್ತರವರೆಗೆ ಎಳೆದಾಟ. ಇದನ್ನ ನಾನು ಮಾತ್ರ ಹೇಳ್ತಿಲ್ಲ, ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಸೂರ್ಯ ಇರೋ ಎಂಟು ತಾಸು ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಮ್ಮಿ ಇರಬೇಕು, ಪೀಕ್ ಟೈಮಲ್ಲಿ ಜಾಸ್ತಿ ಇರಬೇಕು ಅಂತ ಬರೆದಿದೆ. ಆದ್ರೆ ಆ ನಿಯಮದಿಂದ ಕೃಷಿಯನ್ನ ಹೊರಗಿಟ್ಟಿದಾರೆ. ಬಿಲ್ಲೇ ಇಲ್ಲದವರಿಗೆ ದರದ ಆಸೆ ತೋರಿಸೋಕಾಗಲ್ಲ ನಿಜ, ಟೈಮನ್ನಾದ್ರೂ ಕೊಡಬಹುದಲ್ವಾ?

ಎಷ್ಟು ಯೂನಿಟ್ ಸುಟ್ವಿ ಅನ್ನೋದನ್ನ ಮಾತ್ರ ನೋಡೋ ಅಭ್ಯಾಸ ನಮಗೆ ಬಿದ್ದೋಗಿದೆ. ಯಾವ ಹೊತ್ತಿನ ಯೂನಿಟ್ ಅನ್ನೋದು ಈಗ ಅಷ್ಟೇ ಮುಖ್ಯ. ಮಧ್ಯಾಹ್ನ ಹನ್ನೆರಡೂವರೆಯ ಒಂದು ಯೂನಿಟ್ಟೂ ಸಂಜೆ ಏಳೂವರೆಯ ಒಂದು ಯೂನಿಟ್ಟೂ ಮೀಟರಲ್ಲಿ ಒಂದೇ ತರ ತಿರುಗ್ತವೆ, ಗ್ರಿಡ್ಡಲ್ಲಿ ಹಂಗಲ್ಲ. ಹನ್ನೆರಡೂವರೆ ಅಂತ ಸುಮ್ನೆ ಹೇಳಲಿಲ್ಲ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ದುರ್ಗ ಇರೋದು 76.4ರ ಹತ್ರ, ಹಂಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ 12 ಗಂಟೆ 24 ನಿಮಿಷಕ್ಕೆ. ಗಡಿಯಾರ ಅನ್ನೋದು ಮನುಷ್ಯರು ಕೂತು ಮಾಡ್ಕೊಂಡಿರೋ ಒಪ್ಪಂದ, ಮೋಟ್ರಿನ ಟೈಮೂ ಹಂಗೇ, ಕೂತು ಬದಲಾಯಿಸಬಹುದು.

ನಾಟಕಕ್ಕೆ ಕರೆಂಟು ದಂಡ ಅನ್ನೋ ಮಾತು ಬಹಳ ಕೇಳಿದೀನಿ, ಅದಕ್ಕೂ ಲೆಕ್ಕ ಹಾಕೋಣ. ಹತ್ತು ಎಚ್‌ಪಿ ಮೋಟ್ರು ಅಂದ್ರೆ ಸುಮಾರು ಏಳೂವರೆ ಕಿಲೋವ್ಯಾಟ್, ಏಳು ತಾಸು ಓಡಿದ್ರೆ ಐವತ್ತೆರಡು ಯೂನಿಟ್. ನಾಟಕಕ್ಕೆ ಐವತ್ತು ವ್ಯಾಟಿನ ಎಲ್‌ಇಡಿ ಇಪ್ಪತ್ತು ಹಾಕಿ, ಒಂದು ಕಿಲೋವ್ಯಾಟ್. ಸೌಂಡಿಗೆ ಧಾರಾಳವಾಗಿ ಎರಡು ಸೇರಿಸಿ. ಎಂಟು ತಾಸು ಆಡಿದ್ರೂ ಇಪ್ಪತ್ನಾಲ್ಕು ಯೂನಿಟ್. ಇಡೀ ಊರು ಕೂತು ನೋಡೋ ನಾಟಕ ಒಂದು ಬೋರ್‌ವೆಲ್ಲಿನ ಒಂದು ದಿನದ ಕರೆಂಟಿನ ಅರ್ಧಾನೂ ತಿನ್ನಲ್ಲ. ಅದೇ ಇಪ್ಪತ್ನಾಲ್ಕು ಯೂನಿಟ್ಟಿಗೆ ಲೈನ್ ನಂಬಕ್ಕಾಗದೆ ಜನರೇಟರ್ ತಂದ್ರೆ ಎಂಟು ಲೀಟರ್ ಆಸುಪಾಸು ಡೀಸೆಲ್ ಸುಡಬೇಕು.

ಇನ್ನೊಂದು ಮಾತು, ಕಲೆ ಅಂದ್ರೆ ದುಡಿದು ಬಂದ ಮೇಲೆ ಉಳಿದ ಟೈಮಲ್ಲಿ ಮಾಡೋದು ಅನ್ನೋದು. ಬೀಸೋ ಪದ ಹಾಡ್ತಿದ್ದ ಹೆಣ್ಮಕ್ಕಳು ಕೆಲಸ ಮುಗಿಸಿ ಹಾಡ್ತಿದ್ರಾ? ಕೋಳಿ ಕೂಗೋ ಹೊತ್ತಲ್ಲಿ ರಾಗಿ ಬೀಸ್ತಾನೇ ಹಾಡ್ತಿದ್ರು, ಕರೆಂಟಿನ ಗಿರಣಿ ಬಂದು ರೆಟ್ಟೆ ನೋವು ಹೋಯ್ತು, ಅದು ಒಳ್ಳೇದೇ ಆಯ್ತು, ಪದಾನೂ ಅದರ ಜತೆ ಹೋಯ್ತು. ಪಕ್ಕದ ದಾವಣಗೆರೆ ನೋಡಿ, ಹತ್ತಿ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು, ಅದೇ ಊರಿನ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡೆಲ್ಲಾ ಕ್ಯಾಂಪ್ ಹಾಕ್ತು, ಆ ಕಂಪನಿಯ ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ಕಲಾವಿದರಿಗೆ ನಾಟಕ ಬಿಡುವಿನ ಹವ್ಯಾಸ ಆಗಿರಲಿಲ್ಲ, ಅದೇ ಅನ್ನ. ರಾತ್ರಿ ಪಾಳಿ ಮಿಲ್ಲಿನವನಿಗೂ ಇತ್ತು, ಬಣ್ಣ ಹಚ್ಚೋಳಿಗೂ ಇತ್ತು, ನಾವು ಒಂದನ್ನ ದುಡಿಮೆ ಅಂತ ಕರೆದು ಇನ್ನೊಂದನ್ನ ಮನರಂಜನೆ ಅಂತ ಕರೆದ್ವಿ. ನಮ್ಮ ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡ 1997ರಿಂದ ನಡೀತಿದೆಯಲ್ಲ, ಅಲ್ಲಿ ಕಲಾವಿದರು ಇದನ್ನ ಪೂರ್ತಿ ಕೆಲಸವಾಗೇ ಮಾಡ್ತಾರೆ, ಊರೂರು ತಿರುಗ್ತಾರೆ. ಅದಕ್ಕೇ ಅದು ನಿಂತಿದೆ ಅಂತ ನನ್ನ ಅಭಿಪ್ರಾಯ.

ಟೈಮ್ ಬದಲಾಯಿಸೋದು ಆಗದ ಮಾತು ಅನ್ನೋರಿಗೆ ಒಂದು ಉದಾಹರಣೆ. ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸು ಬೆಳಿಗ್ಗೆ ಎಂಟಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತೆ, ಬಿಸಿಲಿಗೋಸ್ಕರ, ಸರ್ಕಾರದ ಆದೇಶದಿಂದಲೇ. ಬಿಸಿಲು ಕಾರಣ ಆಗಬಹುದಾದ್ರೆ ನಿದ್ದೆ ಯಾಕೆ ಕಾರಣ ಆಗಬಾರದು?

ಬಯಲಾಟ ಬೆಳಗಿನವರೆಗೆ ಯಾಕೆ ನಡೀತಿತ್ತು ಅಂತ ಹಿರಿಯರನ್ನ ಕೇಳಿ. ಹಗಲು ಹೊಲ, ಸಂಜೆ ದನ, ಊಟ ಆದ ಮೇಲೆ ಹೊರಟ ಜನ ಸರಿರಾತ್ರೀಲಿ ದೀಪ ಇಲ್ಲದ ದಾರಿ ಹಿಡಿದು ವಾಪಸ್ ಬರಂಗಿರಲಿಲ್ಲ, ಬೆಳಕು ಹರಿದ ಮೇಲೇ ಹೊರಡಬೇಕು. ಆಟದ ಉದ್ದಾನ ಬೆಳಕೇ ಅಳೆದು ಕೊಟ್ಟಿತ್ತು. ಈಗ ಬೈಕಿದೆ, ಬೀದಿ ದೀಪ ಇದೆ, ಜತೆಗೆ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಮೈಕ್ ಹಾಕಂಗಿಲ್ಲ, ವರ್ಷಕ್ಕೆ ಕೆಲವು ದಿನ ಹನ್ನೆರಡರವರೆಗೆ ರಿಯಾಯಿತಿ ಕೊಡಬಹುದು ಅಷ್ಟೇ. ಕಾಯಿಲೆಯವರು, ಪರೀಕ್ಷೆಗೆ ಓದೋ ಮಕ್ಕಳು ಇರ್ತಾರೆ, ನಿಯಮ ಸರಿಯಾಗೇ ಇದೆ. ಆದ್ರೆ ಆರಕ್ಕೋ ಏಳಕ್ಕೋ ಶುರು ಮಾಡಿ ಹತ್ತಕ್ಕೆ ಮುಗಿಸೋ ನಾಟಕ ಕಟ್ಟಬೇಕು ಅಂದ್ರೆ ಕಟ್ಟೋರಿಗೆ ಇನ್ನೂ ಬಿಗಿಯಾದ ತಾಲೀಮು ಬೇಕು, ಕರಾವಳಿಯ ಕಾಲಮಿತಿ ಯಕ್ಷಗಾನದವರು ಇದನ್ನ ಮಾಡಿ ತೋರಿಸಿದಾರೆ. ನಮ್ಮಲ್ಲಿ ತಾಲೀಮಿಗೇ ರಾತ್ರಿ ಸಿಗ್ತಿಲ್ಲ. ತೊಗಲುಗೊಂಬೆಗೆ ಮಾತ್ರ ಕತ್ತಲೆ ಬೇಕೇ ಬೇಕು, ಮೈಕ್ ಬೇಡ, ಪರದೆ ಹಿಂದೆ ಒಂದು ದೀಪ ಸಾಕು.

ಆಟೋ ಸ್ಟಾರ್ಟರ್ ಇದೆಯಲ್ಲ, ಮನೇಲೇ ಮಲಗಿರಬಹುದಲ್ಲ ಅಂತ ಕೇಳ್ತಾರೆ. ಮೋಟ್ರು ತಾನೇ ಆನ್ ಆಗುತ್ತೆ ನಿಜ, ಮಡೆ ಯಾರು ತಿರುವಬೇಕು? ಅದೂ ಅಲ್ದೆ ಕರೆಂಟು ಬಂದ ಕ್ಷಣ ಒಂದೇ ಟ್ರಾನ್ಸ್‌ಫಾರ್ಮರಿನ ಎಲ್ಲಾ ಮೋಟ್ರು ಒಟ್ಟಿಗೆ ಎದ್ರೆ ಸ್ಟಾರ್ಟಿಂಗ್ ಕರೆಂಟು ಹಲವು ಪಟ್ಟು ಎಳೆಯುತ್ತೆ, ವೋಲ್ಟೇಜ್ ಬೀಳುತ್ತೆ, ಆ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋದ್ರೆ ಇಡೀ ಸಾಲಿನ ಅಡಿಕೆ, ದಾಳಿಂಬೆ ಒಣಗುತ್ತೆ. ಹಗಲಿಗೆ ತಂದ ಮೇಲೂ ಒಂದೊಂದು ಗುಂಪಿಗೆ ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಕೊಡೋ ವ್ಯವಸ್ಥೆ, ಮೋಟ್ರಿಗೆ ವೋಲ್ಟೇಜ್ ಬೀಳದಂಗೆ ನೋಡ್ಕೊಳ್ಳೋ ಕೆಪಾಸಿಟರ್, ಇವೆರಡೂ ಬೇಕಾಗುತ್ತೆ. ಕೃಷಿಹೊಂಡ ಇದ್ದೋರು ಮಧ್ಯಾಹ್ನ ತುಂಬಿಸ್ಕೊಂಡು ಸಂಜೆ ಡ್ರಿಪ್ಪಿಗೆ ಬಿಡಬಹುದು.

ನನಗೆ ತುಂಬಾ ಭರವಸೆ ಕೊಡೋದು ನಮ್ಮ ಕ್ಯಾಲೆಂಡರ್. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಜೋರಾಗಿ ತಿರುಗೋದು ಜೂನ್‌ನಿಂದ ಸೆಪ್ಟೆಂಬರ್, ಆಗ ಮಳೆಗಾಲ, ಮೋಟ್ರೂ ಕಮ್ಮಿ ನಾಟಕಾನೂ ಕಮ್ಮಿ. ಫೆಬ್ರವರಿಯಿಂದ ಏಪ್ರಿಲ್ ಬಂತು ಅಂದ್ರೆ ಬೋರ್‌ವೆಲ್ಲಿನ ಬೇಡಿಕೆ ನೆತ್ತಿಗೇರುತ್ತೆ, ಸೋಲಾರೂ ಚೆನ್ನಾಗಿ ಬರೋದು ಆಗಲೇ, ಶಿವರಾತ್ರಿಯಿಂದ ಯುಗಾದಿ ದಾಟೋವರೆಗೆ ಜಾತ್ರೆ, ನಾಟಕ ಎಲ್ಲಾ ಇರೋದೂ ಆಗಲೇ. ಸೂರ್ಯ, ನೀರು, ನಾಟಕ ಒಂದೇ ತಿಂಗಳಲ್ಲಿ ಬರ್ತವೆ, ಮೋಟ್ರಿನ ಪಾಳಿ ಒಂದೇ ತಪ್ಪಿ ರಾತ್ರಿಗೆ ಬಿದ್ದಿದೆ.

ಕುಸುಮ್-ಸಿ ಅಂತ ಯೋಜನೆ ಇದೆ, ಸಬ್‌ಸ್ಟೇಷನ್ ಹತ್ರಾನೇ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರಿಗೆ, ಅಂದ್ರೆ ಪಂಪ್‌ಸೆಟ್ಟಿಗೆ ಹೋಗೋ ಲೈನಿಗೆ, ಹಗಲು ಕರೆಂಟು ಕೊಡೋದು, ಒಂದು ಮೆಗಾವ್ಯಾಟಿಗೆ ನಾಲ್ಕು ಎಕರೆ ಆಸುಪಾಸು ಜಾಗ ಬೇಕು. ನಿಮ್ಮ ಸಬ್‌ಸ್ಟೇಷನ್ ಆ ಪಟ್ಟೀಲಿದೆಯಾ ಅಂತ ಕರೆಂಟು ಕಂಪನಿಯ ಸೆಕ್ಷನ್ ಆಫೀಸಲ್ಲಿ ಕೇಳಿ, ಇಲ್ಲದಿದ್ರೆ ಸೇರಿಸಿ ಅಂತ ಗ್ರಾಮಸಭೇಲಿ ಠರಾವು ಮಾಡಿಸಿ. ಅದು ಬರೋವರೆಗೆ ಜನವರಿಯಿಂದ ಏಪ್ರಿಲ್‌ವರೆಗಾದ್ರೂ ನಮ್ಮ ಫೀಡರಿಗೆ ಹಗಲು ಪಾಳಿ ಕೊಡಿ ಅಂತ ಅರ್ಜಿ ಹಾಕಿ, ಫೀಡರ್ ಹೆಸರು, ಆರ್‌ಆರ್ ನಂಬರುಗಳು ಅಂದ್ರೆ ಕನೆಕ್ಷನ್ ನಂಬರುಗಳು, ಎಲ್ಲಾ ರೈತರ ಸಹಿ ಇರಲಿ, ನಾಟಕದ ಮೇಷ್ಟ್ರ ಸಹೀನೂ ಹಾಕಿಸಿ. ಅರ್ಜಿ ನಮೂನೆ ಪ್ರಿಂಟ್ ಮಾಡಿಸ್ಕೊಂಡು ಬಂದಿದೀನಿ, ಹಿಂದಿನ ಟೇಬಲ್ ಮೇಲಿದೆ, ಒಂದೊಂದು ಊರಿನವರು ಒಂದೊಂದು ತಗೊಳ್ಳಿ.