ಅಕ್ಷರ ಕಿಲುಬಿನಲ್ಲೇ ಇದೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಿಗೆ ಹಳೇ ನಾಣ್ಯ ಯಾಕೆ ಮುಖ್ಯ ಅಂತ ನಾನು ಹೇಳಬೇಕಾಗಿಲ್ಲ. ಹಾಗಾಗಿ ಪೀಠಿಕೆ ಬಿಟ್ಟು, ಹಳೇ ತಾಮ್ರದ ನಾಣ್ಯ ತೊಳೆದು ಹೊಳಪು ಮಾಡಬೇಕೇ ಬೇಡವೇ ಅನ್ನುವ ಜಗಳಕ್ಕೇ ಸೀದಾ ಬರುತ್ತೇನೆ.

ಹೋದ ವಾರ ಒಬ್ಬ ಹುಡುಗ ನನಗೆ ಎರಡು ಫೋಟೊ ಕಳಿಸಿದ. ಒಂದರಲ್ಲಿ ಕಿಲುಬು ಹಿಡಿದ ತಾಮ್ರದ ನಾಣ್ಯ. ಇನ್ನೊಂದರಲ್ಲಿ ಅದೇ ನಾಣ್ಯ, ಈಗತಾನೇ ಟಂಕಸಾಲೆಯಿಂದ ಎದ್ದು ಬಂದ ಹಾಗೆ ಫಳಫಳ. ಕೆಳಗೆ 'ಹೇಗಿದೆ ಸರ್?' ಅಂತ ಬರೆದಿದ್ದ. ಏನು ಹೇಳಲಿ? ಮೊದಲನೇ ಫೋಟೊದಲ್ಲಿ ಕಷ್ಟಪಟ್ಟರೆ ನಾಲ್ಕು ಅಕ್ಷರ ಓದಬಹುದಿತ್ತು. ಎರಡನೆಯದರಲ್ಲಿ ಒಂದೂ ಇಲ್ಲ. ನಾನು ಅವನಿಗೆ ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕತೆ.

ಆಗ ನನಗೆ ಹದಿನಾರು ವರ್ಷ. ಹಿರಿಯರೊಬ್ಬರು ಪ್ರೀತಿಯಿಂದ ಮೂರು ತಾಮ್ರದ ನಾಣ್ಯ ಕೊಟ್ಟರು. ಮೂರೂ ಹಸಿರು, ಮೂರಕ್ಕೂ ಮಣ್ಣು ಮೆತ್ತಿತ್ತು. ನನಗೋ ಹೊಳಪಿನ ಹುಚ್ಚು. ಒಂದು ಬಟ್ಟಲಿಗೆ ನಿಂಬೆರಸ ಹಿಂಡಿ, ಮೇಲೆ ಒಂದು ಹಿಡಿ ಉಪ್ಪು ಹಾಕಿ, ಎರಡು ನಾಣ್ಯ ಮುಳುಗಿಸಿದೆ. ಮೂರನೆಯದು ಎಲ್ಲೋ ಉರುಳಿ ಹೋಗಿತ್ತು. ಅದರ ಆಯುಸ್ಸು ಗಟ್ಟಿ. ಸ್ವಲ್ಪ ಹೊತ್ತಿಗೆ ರಸ ಹಸಿರಾಯಿತು. ಆಹಾ, ಕೊಳೆ ಬಿಡ್ತಾ ಇದೆ ಅಂತ ಕುಣಿದುಬಿಟ್ಟೆ. ಇಷ್ಟಕ್ಕೇ ಇಷ್ಟು ಬಿಟ್ಟರೆ ರಾತ್ರಿಯೆಲ್ಲ ಇಟ್ಟರೆ ಎಷ್ಟು ಬಿಡಬಹುದು? ದುರಾಸೆ ನೋಡಿ! ಬೆಳಿಗ್ಗೆ ಎದ್ದು ಹಳೇ ಟೂತ್‌ಬ್ರಷ್‌ನಲ್ಲಿ ಗಸಗಸ ತಿಕ್ಕಿದೆ. ಎರಡು ಗುಲಾಬಿ ಬಿಲ್ಲೆ ಸಿಕ್ಕವು. ಮೈತುಂಬ ಸಣ್ಣ ಸಣ್ಣ ಕುಳಿ.

ಅದನ್ನು ಹೆಮ್ಮೆಯಿಂದ ನಮ್ಮ ಮೇಷ್ಟ್ರಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದರು, ಓರೆ ಮಾಡಿದರು, ತಿರುಗಿಸಿದರು.

'ಬರವಣಿಗೆ ಎಲ್ಲಿ ಹೋಯಿತು?' ಅಂದರು.

'ಇರಲೇ ಇಲ್ಲ ಸರ್.'

'ನೆನೆಸಿದ ರಸ ಏನು ಮಾಡಿದೆ?'

'ಬಚ್ಚಲಿಗೆ ಚೆಲ್ಲಿದೆ.'

'ಹಾಗಾದರೆ ಅಲ್ಲಿ ಹೋಗಿ ಓದು.'

ನಲವತ್ತು ವರ್ಷದಿಂದ ಆ ಮಾತನ್ನು ಎಲ್ಲ ಸಭೆಯಲ್ಲೂ ಹೇಳುತ್ತಾ ಬಂದಿದ್ದೇನೆ. ಇದನ್ನು ಆಗಲೇ ಕೇಳಿದವರು ಕ್ಷಮಿಸಬೇಕು. ಮೊದಲ ಸಾಲಿನಲ್ಲಿ ಇಬ್ಬರು ಆಗಲೇ ಆಕಳಿಸುತ್ತಿದ್ದಾರೆ.

ಮೇಷ್ಟ್ರ ಮಾತು ತಮಾಷೆಯಾಗಿತ್ತು, ಆದರೆ ಅದರಲ್ಲಿ ರಸಾಯನಶಾಸ್ತ್ರ ಇತ್ತು. ಕಬ್ಬಿಣಕ್ಕೆ ಬರುವುದನ್ನು ನಾವು ತುಕ್ಕು ಅಂತೀವಿ, ತಾಮ್ರಕ್ಕೆ ಬರುವುದನ್ನು ಕಿಲುಬು ಅಂತೀವಿ. ಬೇರೆ ಬೇರೆ ಪದ ಇರುವುದು ಸುಮ್ನೆ ಅಲ್ಲ. ತುಕ್ಕು ಉಬ್ಬಿ, ಬಿರಿದು, ಉದುರುತ್ತದೆ. ಒಳ್ಳೇ ಕಿಲುಬು ತಾಮ್ರಕ್ಕೆ ಅಂಟಿಕೊಂಡು ಕೂರುತ್ತದೆ. ಮೊದಲು ಕೆಂಪು ಪದರ, ಅದು ಕ್ಯೂಪ್ರೈಟ್, ಅಂದರೆ ತಾಮ್ರದ ಆಕ್ಸೈಡ್. ಅದರ ಮೇಲೆ ಹಸಿರು ಮ್ಯಾಲಕೈಟ್. ಅಪರೂಪಕ್ಕೆ ನೀಲಿ ಅಜುರೈಟ್. ನೂರಾರು ವರ್ಷ ಮಣ್ಣಿನಲ್ಲಿದ್ದ ನಾಣ್ಯದಲ್ಲಿ ಮೇಲಿನ ಲೋಹವೇ ಈ ಪದರಗಳಾಗಿ ಬದಲಾಗಿರುತ್ತದೆ. ಅಚ್ಚು ಒತ್ತಿದ ಮೂಲ ಮೈ ಈಗ ಲೋಹದಲ್ಲಿಲ್ಲ, ಆ ಕಿಲುಬಿನಲ್ಲಿದೆ. ಕಿಲುಬು ಕಿತ್ತರೆ ಒಳಗೆ ಸಿಗುವುದು ಬೋಳು ತಿರುಳು. ನಾವು ಕಿಲುಬಿನ ಅಡಿಯಲ್ಲಿ ಅಕ್ಷರ ಹುಡುಕುತ್ತೇವೆ, ಅಕ್ಷರ ಕಿಲುಬಿನಲ್ಲೇ ಇರುತ್ತದೆ.

ಕೆಲವರು ನಿಂಬೆ ಬೇಡ, ಎಲೆಕ್ಟ್ರಾಲಿಸಿಸ್ ಮಾಡ್ತೀವಿ, ಅಂದರೆ ನೀರಿನಲ್ಲಿ ಕರೆಂಟು ಹರಿಸಿ ಕಿಲುಬು ಬಿಡಿಸ್ತೀವಿ ಅಂತಾರೆ. ಬ್ಯಾಟರಿ, ಎರಡು ತಂತಿ, ಗುಳ್ಳೆ. ನೋಡಲು ಚೆನ್ನ. ಫಲ ಅದೇ ಬಿಲ್ಲೆ. ಇನ್ನು ಕೆಲವರು ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಅದ್ದಿಡುತ್ತಾರೆ, ಅದು ಮೃದು ಅಲ್ವಾ ಅಂತ. ಎಣ್ಣೆಯಲ್ಲೂ ಆಮ್ಲ ಇದೆ ಸ್ವಾಮಿ. ನಿಂಬೆ ಓಡಿಕೊಂಡು ಬಂದು ಕದಿಯುತ್ತದೆ, ಎಣ್ಣೆ ನಡೆದುಕೊಂಡು ಬಂದು ಕದಿಯುತ್ತದೆ, ಅಷ್ಟೇ.

ಹಾಗಂತ ಹಸಿರೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಗಟ್ಟಿ, ನಯ, ಗಾಢ ಬಣ್ಣ ಇದ್ದರೆ ನೆಮ್ಮದಿಯಾಗಿರಿ. ತಿಳಿಹಸಿರು ಪುಡಿ, ಕಡ್ಡಿ ಚುಚ್ಚಿದರೆ ಉದುರುವಂಥದು ಕಂಡರೆ ಎಚ್ಚರ. ಅದಕ್ಕೆ ಕಂಚಿನ ರೋಗ ಅಂತ ಹೆಸರು. ಶುದ್ಧ ತಾಮ್ರಕ್ಕೂ ಬರುತ್ತದೆ. ಮೂಲ ಕಾರಣ ಉಪ್ಪಿನಿಂದ ಬರುವ ಕ್ಲೋರೈಡ್. ಅದು ತಾಮ್ರದ ಜೊತೆ ಸೇರಿ ಕ್ಯೂಪ್ರಸ್ ಕ್ಲೋರೈಡ್ ಆಗಿ ಒಳಗೆ ಅಡಗಿರುತ್ತದೆ. ತೇವ ಮತ್ತು ಗಾಳಿ ತಗುಲಿದರೆ ಹಸಿರು ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಉಳಿದ ತಾಮ್ರ ತಿಂದು ಮತ್ತೆ ಕ್ಯೂಪ್ರಸ್ ಕ್ಲೋರೈಡ್ ಮಾಡುತ್ತದೆ. ಈ ಚಕ್ರವನ್ನು ಬರ್ತೆಲೋ ಎಂಬ ಫ್ರೆಂಚ್ ವಿಜ್ಞಾನಿ 1890ರ ದಶಕದಲ್ಲೇ ವಿವರಿಸಿದ್ದಾರೆ. ಈಗ ನನ್ನ ಬಟ್ಟಲು ನೆನೆಸಿಕೊಳ್ಳಿ. ನಿಂಬೆ ಅಕ್ಷರ ತಿಂದಿತು, ಉಪ್ಪು ರೋಗ ಕೊಟ್ಟಿತು. ಮುಂದಿನ ಮಳೆಗಾಲಕ್ಕೆ ಎರಡು ಬಿಲ್ಲೆಗೂ ಹುಣ್ಣು ಎದ್ದಿತ್ತು.

ಇದು ರೋಗಾಣುವಿನ ರೋಗ ಅಲ್ಲ. ತೇವ ಸಿಗದಿದ್ದರೆ ಮಲಗಿಬಿಡುತ್ತದೆ. ಪೆಟ್ಟಿಗೆಯೊಳಗಿನ ತೇವಾಂಶ ಶೇಕಡ 40ರ ಒಳಗಿರಲಿ. ಗಾಳಿ ಆಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಸಾಕು. ಜೆಲ್ ಬಣ್ಣ ತಿರುಗಿದಾಗ ಬದಲಿಸಲು ಮಾತ್ರ ಮರೆಯಬೇಡಿ. ನಾವೆಲ್ಲ ಮರೆಯುವುದು ಅದನ್ನೇ.

ರೋಗ ಜೋರಾಗಿದ್ದರೆ ಕನ್ಸರ್ವೇಟರ್, ಅಂದರೆ ಹಳೇ ವಸ್ತು ಕಾಪಾಡುವ ತಜ್ಞರ ಹತ್ತಿರ ಹೋಗಿ. ಅವರು ಮಸೂರದ ಕೆಳಗೆ ಪುಡಿ ತೋಡುತ್ತಾರೆ. ನೀರಿನಲ್ಲಿ ನೆನೆಸಿ, ಆ ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡುತ್ತಾರೆ. ಬೆಳ್ಳಗೆ ಕದಡಿದರೆ ಕ್ಲೋರೈಡ್ ಇನ್ನೂ ಬರುತ್ತಿದೆ ಅಂತ ಅರ್ಥ. ಕ್ಲೋರೈಡ್ ಹೊರಗೆಳೆಯಲು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಕ್ಷಾರದ ದ್ರಾವಣದಲ್ಲಿ ವಾರಗಟ್ಟಲೆ ನೆನೆಸುವ ಪದ್ಧತಿ ಇದೆ, ಆದರೆ ಅದು ಕಿಲುಬಿನ ಬಣ್ಣವನ್ನೂ ಬದಲಿಸಬಹುದು. ತಾಮ್ರ ಇನ್ನಷ್ಟು ಕೆಡದಂತೆ ತಡೆಯುವ ಬೆಂಜೋಟ್ರೈಅಜೋಲ್ ಎಂಬ ರಾಸಾಯನಿಕ ಇದೆ. 1967ರಲ್ಲಿ ಮ್ಯಾಡ್ಸನ್ ಎಂಬ ಕನ್ಸರ್ವೇಟರ್ ಪ್ರಕಟಿಸಿದ ವಿಧಾನ ಅದು. ಆಲ್ಕೋಹಾಲ್‌ನಲ್ಲಿ ಶೇಕಡ 3ರಷ್ಟು ಕರಗಿಸುವುದು ರೂಢಿ. ಕೈಗವಸು ಬೇಕು, ಗಾಳಿ ಬೇಕು, ಮನೆಯಲ್ಲಿ ಮಕ್ಕಳಿದ್ದರೆ ಆ ಸೀಸೆಯೇ ಬೇಡ. ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ಲೇಪ, ಇಲ್ಲವೇ ಮೇಣ. ಬೇಕೆಂದಾಗ ತೆಗೆಯಲು ಬರುವಂಥದು, ಅದು ಮುಖ್ಯ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ, ಅಕ್ಷರ ಸ್ವಲ್ಪ ಸಿಟ್ಟಿನಲ್ಲಿದೆ.

ಹಾಗಾದರೆ ಬೇಗ. ಮನೆಯಲ್ಲಿ ಏನು ಮಾಡಬಹುದು? ಮೊದಲು ಎರಡೂ ಮುಖದ ಫೋಟೊ, ತೂಕ. ಆಮೇಲೆ ಡಿಸ್ಟಿಲ್ಡ್ ನೀರು, ಚೂಪು ಮಾಡಿದ ಮರದ ಕಡ್ಡಿ, ಹತ್ತು ಪಟ್ಟಿನ ಮಸೂರ. ಮಣ್ಣು ಮಾತ್ರ ಬಿಡಿಸಿ. ತಾಮ್ರ ಮೆತ್ತನೆಯ ಲೋಹ, ಉಕ್ಕಿನ ಸೂಜಿ ಒಂದು ಸಲ ಜಾರಿದರೆ ಗೀರು ಶಾಶ್ವತ. ಹಸಿರೋ ಮಣ್ಣೋ ಅಂತ ಅನುಮಾನ ಬಂದರೆ ಕೈ ನಿಲ್ಲಿಸಿ. ಅಕ್ಷರ ಕಿಲುಬಿನಲ್ಲೇ ಇದೆ, ಹೇಳಿದೆನಲ್ಲ. ಜಿಡ್ಡಿದ್ದರೆ ಅಸಿಟೋನ್, ಅದು ಲೋಹ ಮುಟ್ಟುವುದಿಲ್ಲ. ಬೆಂಕಿಯಿಂದ ಮಾತ್ರ ದೂರ. ಪೂರ್ತಿ ಒಣಗಿಸಿ.

ಮೆತ್ತನೆಯ ಪಿವಿಸಿ ಚೀಲ ಬಿಸಾಡಿ. ಅದು ಕಾಲಕ್ರಮೇಣ ಆಮ್ಲ ಬಿಡುತ್ತದೆ, ಅಂಟು ಹಸಿರು ತರುತ್ತದೆ. ಪಾಲಿಯೆಸ್ಟರ್ ಹೊದಿಕೆ ತನ್ನಿ. ಓಕ್ ಮರದ ಪೆಟ್ಟಿಗೆ ಬೇಡ, ಅದೂ ಆಮ್ಲದ ಆವಿ ಬಿಡುತ್ತದೆ. ಬೆವರಿನಲ್ಲೂ ಉಪ್ಪಿದೆ. ಆದ್ದರಿಂದ ನಾಣ್ಯದ ಮುಖಕ್ಕೆ ಬೆರಳು ತಗುಲಿಸಬೇಡಿ, ಅಂಚು ಹಿಡಿಯಿರಿ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಹೋಗಲಿ.

ಆ ಮೂರು ನಾಣ್ಯದಲ್ಲಿ ಎರಡನ್ನು ತಂದಿದ್ದೇನೆ, ಸಾಲಿನಲ್ಲಿ ದಾಟಿಸಿ. ಹಸಿರಾಗಿರುವುದು ಉರುಳಿ ಹೋಗಿ ಬದುಕಿದ್ದು, ಅದನ್ನು ಅಂಚಿನಲ್ಲಿ ಹಿಡಿಯಿರಿ. ಇನ್ನೊಂದನ್ನು ಹೇಗೆ ಬೇಕಾದರೂ ಹಿಡಿಯಿರಿ.