ಆಫೀಸ್ ಟೆರೇಸ್ ತೋಟ: ಶುಕ್ರವಾರದ ಕೊಯ್ಲು, ಶುಕ್ರವಾರದ ಹಂಚಿಕೆ

ನಮಸ್ಕಾರ. ಶುಕ್ರವಾರ ಬೆಳಿಗ್ಗೆ ಏಳು ಗಂಟೆ, ಬೆಂಗಳೂರಿನ ಒಂದು ಆಫೀಸ್ ಟೆರೇಸ್ ಮೇಲಿದ್ದೀವಿ. ಬಿಸಿಲೇರೋ ಮುಂಚೆ ಕೊಯ್ಲು ಮುಗೀಬೇಕು. ಹತ್ತು ಗಂಟೆ ಮೇಲೆ ಕಿತ್ತ ಸೊಪ್ಪು ಸಂಜೆ ಮನೆ ಸೇರೋ ಹೊತ್ತಿಗೆ ಬಾಡಿ ಹೋಗಿರುತ್ತೆ.

ಮನೆ ಕೈತೋಟಕ್ಕೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ ಶನಿವಾರ, ಭಾನುವಾರ. ಆ ಎರಡು ದಿನ ಕೀಳೋರು ಯಾರೂ ಇರಲ್ಲ, ಆದ್ರೆ ಕಾಯಿ ಬಲಿಯೋದು ನಿಲ್ಲಲ್ಲ. ಬೆಂಡೆಗಂತೂ ಇದು ದೊಡ್ಡ ತೊಂದರೆ. ಹೂ ಅರಳಿದ ಐದಾರು ದಿನಕ್ಕೆ ಕಾಯಿ ಹದಕ್ಕೆ ಬರುತ್ತೆ, ಇನ್ನೆರಡು ದಿನ ಬಿಟ್ರೆ ನಾರು. ಅದಕ್ಕೇ ಸೋಮವಾರ, ಬುಧವಾರ, ಶುಕ್ರವಾರ ಕೀಳಬೇಕು. ಶುಕ್ರವಾರ ಬೆರಳುದ್ದ ಇರೋದನ್ನೂ ಬಿಡಬೇಡಿ. ಬಲಿತ ಕಾಯಿ ಗಿಡದಲ್ಲೇ ಉಳಿದ್ರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ, ಹೊಸ ಹೂ ಕಡಿಮೆಯಾಗುತ್ತೆ.

ಎಳೇದೋ ಬಲಿತಿದ್ದೋ ಅಂತ ತುದಿ ಮುರಿದು ನೋಡೋ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಹಂಚೋ ಕಾಯಿಗೆ ಹಾಗೆ ಮಾಡಬೇಡಿ, ಮುರಿದ ಜಾಗ ಕಪ್ಪಾಗುತ್ತೆ. ತೊಟ್ಟಿಗೆ ಕತ್ತರಿ ಹಾಕಿದಾಗಲೇ ಗೊತ್ತಾಗುತ್ತೆ, ನೋಡಿ: ಸಲೀಸಾಗಿ ಕತ್ತರಿಸಿದ್ರೆ ಎಳೇದು, ಕತ್ತರಿ ತಡೆದ್ರೆ ಬಲಿತಿದೆ. ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಬೆಂಡೆ ಗಿಡದ ಸಣ್ಣ ಮುಳ್ಳುಗೂದಲಿಗೆ ಕೈಯೆಲ್ಲ ನವೆ ಬರುತ್ತೆ.

ಬದನೆಗೆ ಹೊಳಪೇ ಗುರುತು. ಹೆಬ್ಬೆರಳಲ್ಲಿ ಒತ್ತಿ: ಗುಳಿ ತುಂಬಿಕೊಂಡ್ರೆ ಕೀಳಬಹುದು, ಗುಳಿ ಹಾಗೇ ನಿಂತು ಸಿಪ್ಪೆ ಮಂಕಾಗಿದ್ರೆ ಒಳಗೆ ಬೀಜ ಗಟ್ಟಿಯಾಗಿದೆ. ತೊಟ್ಟು ಒಂದಿಂಚು ಬಿಟ್ಟು ಕತ್ತರಿಸಿ. ಕೈಯಲ್ಲಿ ಎಳೆದ್ರೆ ಕೊಂಬೆಯೇ ಸೀಳಿ ಬರುತ್ತೆ.

ಟೊಮೆಟೊ ಪೂರ್ತಿ ಕೆಂಪಾಗೋ ತನಕ ಕಾಯಬೇಡಿ. ಕೆಳಗಿನ ತುದಿ ನಸುಗೆಂಪಾಗಿದ್ರೆ ಸಾಕು, ಮನೇಲಿಟ್ರೆ ಹಣ್ಣಾಗುತ್ತೆ. ಫ್ರಿಜ್‌ನಲ್ಲಿ ಮಾತ್ರ ಇಡಬಾರದು, ಹಣ್ಣಾಗೋದು ಅಲ್ಲಿಗೇ ನಿಂತು ರುಚಿ ಹೋಗುತ್ತೆ. ಕೀಳದೇ ಬಿಟ್ರೆ, ಒಣಗಿದ ಮಣ್ಣಿಗೆ ಶನಿವಾರ ಸಂಜೆ ಒಂದು ಜೋರು ಮಳೆ ಬಿದ್ರೂ ಸಾಕು, ಬೇರು ಒಮ್ಮೆಲೇ ನೀರು ಹೀರಿ ಹಣ್ಣು ಬಿರಿಯುತ್ತೆ.

ಹುರುಳಿಕಾಯಿ ಬಳ್ಳಿಯ ಎಲೆ ಒದ್ದೆ ಇದ್ದಾಗ ಮುಟ್ಟಬೇಡಿ. ತುಕ್ಕು ರೋಗ, ಎಲೆ ಅಂಗಮಾರಿ ಕೈಯಿಂದಲೇ ಬಳ್ಳಿಯಿಂದ ಬಳ್ಳಿಗೆ ಹೋಗ್ತವೆ. ಅದನ್ನ ಕೊನೆಗೆ ಇಟ್ಕೊಳ್ಳಿ.

ಈ ಮಡಿಯಲ್ಲಿರೋ ಹರಿವೆ ಅರ್ಕಾ ಸುಗುಣ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಬಿತ್ತಿದ 25–30 ದಿನಕ್ಕೆ ಮೊದಲ ಕೊಯ್ಲು. ಬೇರು ಸಮೇತ ಕೀಳದೆ, ಮಣ್ಣಿಂದ ಎರಡಿಂಚು ಮೇಲೆ ಕೊಯ್ದ್ರೆ ಮತ್ತೆ ಚಿಗುರುತ್ತೆ. ಹಂಚೋ ತೋಟಕ್ಕೆ ನಮ್ಮ ಆಯ್ಕೆ ಇಂಥ ತಳಿಗಳೇ.

ನೀರಿನ ವಿಷಯ ಮುಚ್ಚಿಡಬಾರದು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಗಿಡಗಳಿಗೆ ಕುಡಿಯೋ ನೀರು ಹಾಕೋದನ್ನ ನಿಷೇಧಿಸಿ, ಮೀರಿದ್ರೆ 5,000 ರೂಪಾಯಿ ದಂಡ ಅಂತ ಹೇಳ್ತು. ಎಸ್‌ಟಿಪಿ ನೀರು, ಅಂದ್ರೆ ಕಟ್ಟಡದ ಕೊಳಚೆ ನೀರನ್ನ ಶುದ್ಧಿ ಮಾಡಿದ್ದು, ಹಾಕೋದಾದ್ರೆ ಬೇಯಿಸಿ ತಿನ್ನೋ ಬೆಂಡೆ, ಬದನೆಗೆ, ಅದೂ ಪೈಪಲ್ಲಿ ಬುಡಕ್ಕೆ ಮಾತ್ರ. ಕೊತ್ತಂಬರಿ, ಸೌತೆ ಹಸಿಯಾಗೇ ತಿಂತೀವಿ. ಅದಕ್ಕೆ ತೊಟ್ಟಿಯಲ್ಲಿ ಹಿಡಿದ ಮಳೆನೀರೇ ಆಗಬೇಕು.

ಎಂಟು ಗಂಟೆಯೊಳಗೆ ತಕ್ಕಡಿಗೆ ಹಾಕಬೇಕು. ಯಾಕಂದ್ರೆ ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಎಂಟಕ್ಕೆ ಹೊರಡ್ತಾರೆ, ಅವರ ಪಾಲು ಮೊದಲು ಕಟ್ಟಬೇಕು. ಹೌಸ್‌ಕೀಪಿಂಗ್‌ನವರು, ಕ್ಯಾಂಟೀನ್‌ನವರು, ಮ್ಯಾನೇಜರು ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿರಲಿ. ಉಳಿದಿದ್ದನ್ನ ಸೆಕ್ಯೂರಿಟಿ, ಹೌಸ್‌ಕೀಪಿಂಗ್‌ನವರಿಗೆ ಕೊಟ್ಟರಾಯ್ತು ಅನ್ನೋದು ನಮಗೆ ಒಪ್ಪಿಗೆಯಾಗಲ್ಲ.

ಎಲ್ಲರಿಗೂ ಸಮನಾಗಿ ಹಂಚೋಕೆ ಹೋದ್ರೆ ಯಾರಿಗೂ ಉಪಯೋಗ ಆಗಲ್ಲ. ಮೂರು ಕೆಜಿ ಬೆಂಡೆ, ಅರವತ್ತು ಜನ ಅಂದ್ರೆ ತಲೆಗೆ 50 ಗ್ರಾಂ, ನಾಲ್ಕೈದು ಕಾಯಿ. ಅದರಲ್ಲಿ ಏನು ಪಲ್ಯ ಆಗುತ್ತೆ? 300 ಗ್ರಾಂ ಕಟ್ಟು ಮಾಡಿ, ಹತ್ತು ಮನೆಗೆ ಒಂದೊಂದು. ಮುಂದಿನ ಸಲ ಪಟ್ಟಿಯಲ್ಲಿ ಆಮೇಲಿನ ಹತ್ತು ಹೆಸರು. ಬೇಡ ಅಂದವರ ಸರದಿ ಕೆಳಗಿನವರಿಗೆ. ಒಂದೆರಡೇ ಸಿಕ್ಕಿದ ತರಕಾರಿಯನ್ನೆಲ್ಲ ಸೇರಿಸಿ, ಎರಡು ಬದನೆ, ಒಂದು ಹಿಡಿ ಹುರುಳಿಕಾಯಿ, ಒಂದು ಎಸಳು ಕರಿಬೇವು ಇಟ್ರೆ ಒಂದು ಮನೆಯ ಹುಳಿಗೆ ಆಗುತ್ತೆ.

ಸಂಜೆ ತನಕ ಇಡೋದ್ರಲ್ಲೂ ಬಹಳ ಹಾಳಾಗುತ್ತೆ. ಎಸಿ ಗಾಳಿ ಸೊಪ್ಪಿನ ತೇವ ಹೀರುತ್ತೆ. ಸೊಪ್ಪಿನ ಬುಡವನ್ನ ನೀರಲ್ಲದ್ದಿ, ಒದರಿ, ಒದ್ದೆ ಹತ್ತಿ ಬಟ್ಟೆ ಸುತ್ತಿ ಬಿದಿರು ಬುಟ್ಟಿಯಲ್ಲಿ ನೆರಳಿಗಿಡಿ. ಬೆಂಡೆಗೆ ಮಾತ್ರ ನೀರು ಸೋಕಿಸಬೇಡಿ, ಲೋಳೆಯಾಗಿ ಕಪ್ಪಾಗುತ್ತೆ. ಅದು ಪೇಪರ್‌ನಲ್ಲೋ ಬಟ್ಟೆ ಚೀಲದಲ್ಲೋ ಇರಲಿ. ಐದೂವರೆಗೂ ಯಾರೂ ಒಯ್ಯದೇ ಇದ್ರೆ ಕ್ಯಾಂಟೀನ್‌ಗೆ ಕೊಡಿ, ಸೋಮವಾರದ ತನಕ ಇಡಬೇಡಿ.

ಇನ್ನು ಔಷಧಿ. ಶನಿವಾರ, ಭಾನುವಾರ ಕೀಳೋರಿಲ್ಲ ಅನ್ನೋದು ಇಲ್ಲಿ ಅನುಕೂಲವೇ. ಕೊಯ್ಲು ಮುಗಿದ ಶುಕ್ರವಾರ ಸಂಜೆ, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಒಂದೆರಡು ಎಂಎಲ್ ಸೋಪಿನ ದ್ರಾವಣ ಹಾಕಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಳಿನೊಣ, ಜಿಗಿಹುಳ ಕೂತಿರೋದೇ ಅಲ್ಲಿ. ಸೋಪಿಲ್ಲದಿದ್ರೆ ಎಣ್ಣೆ ತೇಲುತ್ತೆ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ಮಡಿಗೆ ಬೋರ್ಡ್ ಸಿಕ್ಕಿಸಿ: ಏನು ಹೊಡೆದಿದ್ದು, ಯಾವತ್ತು, ಯಾವತ್ತಿನವರೆಗೆ ಕೀಳಬಾರದು. ಬೇರೆ ಔಷಧಿ ಬಳಸಿದ್ರೆ ಎಷ್ಟು ದಿನ ಕಾಯಬೇಕು ಅಂತ ಅದರ ಲೇಬಲ್ ಮೇಲಿರುತ್ತೆ. ಅಷ್ಟು ದಿನ ಆಗೋ ತನಕ ಆ ಮಡಿಯಿಂದ ಯಾರ ಚೀಲಕ್ಕೂ ಏನೂ ಹೋಗಬಾರದು.