ಶೋಕಿ ಅನ್ನುವ ಒಂದು ಮಾತು

ಕೇಳುಗರಿಗೆಲ್ಲ ನಮಸ್ಕಾರ.

ನಾನು ಪೋಸ್ಟ್ ಆಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯದ ಏಜೆಂಟ್. ಹಾಸನದ ಸುತ್ತಮುತ್ತಲ ಊರುಗಳಲ್ಲಿ ಮನೆ ಮನೆಗೆ ಹೋಗಿ ತಿಂಗಳ ಕಂತು ತಂದು ಕಟ್ಟುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಆಯಿತು. ಹೆಂಗಸರೇ ಏಜೆಂಟರಾಗಿರುವ ಈ ಯೋಜನೆ 1972ರಿಂದ ನಡೆದುಕೊಂಡು ಬಂದಿದೆ. ಅದಕ್ಕೇ ಇರಬೇಕು, ನಾವು ನೇರ ಅಡುಗೆ ಮನೆವರೆಗೂ ಹೋಗುತ್ತೇವೆ. ಕಂತಿನ ದುಡ್ಡು ಇರುವುದೂ ಅಲ್ಲೇ ಅಲ್ವಾ? ಸಾಸಿವೆ ಡಬ್ಬಿಯಲ್ಲಿ, ರಾಗಿ ಡ್ರಮ್ಮಿನ ಹಿಂದೆ, ದೇವರ ಪಟದ ಸಂದಿಯಲ್ಲಿ. ಕೆಲವರು ಕೊಡುವ ನೋಟಿಗೆ ಮೆಂತ್ಯದ ವಾಸನೆ ಹತ್ತಿರುತ್ತದೆ. ಎಣಿಸಿ ಬ್ಯಾಗಿಗೆ ಹಾಕಿಕೊಂಡ ಮೇಲೂ ಬೆರಳಿಂದ ಆ ವಾಸನೆ ಹೋಗುವುದಿಲ್ಲ.

ಆರ್‌ಡಿ ಅಂದರೆ ಐದು ವರ್ಷ, ಅರವತ್ತು ಕಂತು. ಕಟ್ಟುವಾಗ ಗಂಡ ಹೆಂಡತಿ ಜಗಳ ಆಡಿದ್ದನ್ನು ನಾನು ಕಂಡಿರುವುದು ಕಡಿಮೆ. ಜಗಳ ಬರುವುದು ದುಡ್ಡು ಕೈಗೆ ಬರುವ ವಾರ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಇದೆ. ದುಡ್ಡಿನ ಜಗಳಕ್ಕೆ ಆ ಗಾದೆ ಹೊಂದುವುದಿಲ್ಲ. ಅದು ಉಂಡ ಮೇಲೂ ಇರುತ್ತದೆ, ಮಾರನೇ ಬೆಳಗ್ಗೆ ಕಾಫಿ ಲೋಟ ಇಡುವ ಸದ್ದಿನಲ್ಲೂ ಇರುತ್ತದೆ. ಅದರಲ್ಲೂ ಇಬ್ಬರಲ್ಲಿ ಒಬ್ಬರು "ಈ ದುಡ್ಡು ನನಗೆ ಅಂತ ಖರ್ಚು ಮಾಡ್ಕೋತೀನಿ" ಅಂದರೆ ಮುಗಿಯಿತು.

ಹೋದ ವರ್ಷ ಒಂದು ಮನೆಯಲ್ಲಿ ಹೀಗಾಯಿತು. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ಆ ಮನೆಯಲ್ಲಿ ಎರಡು ಹಸು. ಕರೆದು ಡೈರಿಗೆ ಹಾಲು ಹಾಕುವುದು ಆ ತಾಯಿ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸ್ವಲ್ಪ ಸಡಿಲ ಆದ ಮೇಲೆ, ತಿಂಗಳಿಗೆ 1,000 ರೂಪಾಯಿಯ ಪುಸ್ತಕ ಮಾಡಿಸಿದರು. ಆಗ ಬಡ್ಡಿ ನೂರಕ್ಕೆ 5.8. ಆರ್‌ಡಿಯಲ್ಲಿ ಪುಸ್ತಕ ಮಾಡಿಸಿದ ದಿನದ ಬಡ್ಡಿಯೇ ಕೊನೆವರೆಗೂ. 2023ರ ಅಕ್ಟೋಬರ್‌ನಿಂದ ಹೊಸ ಪುಸ್ತಕಗಳಿಗೆ 6.7 ಆದಾಗ "ನಮಗೂ ಜಾಸ್ತಿ ಬರುತ್ತಾ ಅಕ್ಕ?" ಅಂತ ಆಸೆಯಿಂದ ಕೇಳಿದ್ದರು. ಇಲ್ಲ ಅಂತ ಹೇಳೋಕೆ ಬೇಜಾರಾಯಿತು. ಡೈರಿಯಲ್ಲಿ ಹಾಲಿನ ದುಡ್ಡು ಬಟವಾಡೆ ಆದ ಮಾರನೇ ದಿನ ನಾನು ಹೋಗುತ್ತಿದ್ದೆ. ಒಂದು ಕಂತೂ ತಪ್ಪಲಿಲ್ಲ. ಹಸು ಬತ್ತಿದ ತಿಂಗಳಲ್ಲೂ ಎಲ್ಲಿಂದಲೋ ಹೊಂದಿಸಿ ಕೊಟ್ಟರು.

ನಡುವೆ ಬೋರ್‌ವೆಲ್ ಮೋಟರ್ ಸುಟ್ಟಿತು. ಆಗ ಮೂವತ್ತು ಕಂತು ತುಂಬಿತ್ತು. ಗಂಡ ಆರ್‌ಡಿ ಮುರಿಸು ಅಂದರು. ಮೂರು ವರ್ಷ ಆಗದೆ ಮುರಿಸೋಕೆ ಬರುವುದಿಲ್ಲ. ಆದರೆ ಒಂದು ವರ್ಷ ಸರಿಯಾಗಿ ಕಟ್ಟಿದವರಿಗೆ, ಜಮಾ ಆದ ದುಡ್ಡಿನ ಅರ್ಧದವರೆಗೆ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿಗಿಂತ ನೂರಕ್ಕೆ ಎರಡು ಜಾಸ್ತಿ, ಅಷ್ಟೇ. 15,000 ತೆಗೆಸಿಕೊಟ್ಟೆ. ಮೋಟರ್ ರೀವೈಂಡಿಂಗ್ ಆಯಿತು, ತೋಟಕ್ಕೆ ನೀರು ಹರಿಯಿತು. ಆ ಸಾಲ ತೀರಿಸಿದ್ದೂ ಹಾಲಿನ ದುಡ್ಡೇ. ಇದನ್ನು ಯಾಕೆ ಹೇಳಿದೆ ಅಂದರೆ, ಜಗಳದ ಹೊತ್ತಿಗೆ ಆ ಮನೆಯಲ್ಲಿ ಯಾರಿಗೂ ಇದು ನೆನಪಿರಲಿಲ್ಲ.

2025ರ ಜೂನ್‌ನಲ್ಲಿ ಪುಸ್ತಕ ತುಂಬಿತು. ಕಟ್ಟಿದ್ದು 60,000. ಬರುವುದು 69,700ರ ಹತ್ತಿರ. 20,000 ದಾಟಿದರೆ ನಗದು ಕೊಡುವ ಹಾಗಿಲ್ಲ, ಅವರ ಹೆಸರಿನ ಉಳಿತಾಯ ಖಾತೆಗೆ ಹೋಗುತ್ತದೆ. ಫಾರಂ ತಗೊಂಡು ಹೋದೆ. ಸಹಿ ಹಾಕುತ್ತಾ ಆ ತಾಯಿ ಹೇಳಿದರು: "ಅಕ್ಕ, ನಾನೂ ನನ್ನ ತಂಗೀನೂ ವಿಮಾನದಲ್ಲಿ ಕಾಶಿಗೆ ಹೋಗಿಬರೋಣ ಅಂತಿದೀವಿ."

ನಡುಮನೆಯಿಂದ ಗಂಡನ ಮಾತು ಬಂತು. "ರೈಲಲ್ಲಿ ಹೋದ್ರೆ ವಿಶ್ವನಾಥ ಸಿಗಲ್ವಂತಾ? ಶೋಕಿ!"

ಶೋಕಿ. ಈ ಒಂದು ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಮೊಮ್ಮಗನ ನಾಮಕರಣಕ್ಕೆ ಶಾಮಿಯಾನ ಹಾಕಿಸಿ 300 ಜನಕ್ಕೆ ಊಟ ಹಾಕಿಸಿದರೆ ಅದನ್ನು ಯಾರೂ ಶೋಕಿ ಅನ್ನುವುದಿಲ್ಲ. ಬೀಗರ ಮನೆಗೆ ಬೆಳ್ಳಿ ತಟ್ಟೆ ಕೊಟ್ಟರೆ ಶೋಕಿ ಅನ್ನುವುದಿಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವ ಖರ್ಚಿಗೆ ಮರ್ಯಾದೆ ಅಂತ ಹೆಸರು. ಒಬ್ಬರು ತಮ್ಮ ಮನಸ್ಸಿಗೆ ಅಂತ ಮಾಡಿಕೊಳ್ಳುವ ಖರ್ಚಿಗೆ ಮಾತ್ರ ಈ ಹೆಸರು. ನನಗೆ ಇದು ಯಾವತ್ತೂ ಸರಿ ಅನ್ನಿಸಿಲ್ಲ.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಶಕ್ತಿ ಬಸ್ಸು ಬಂದ್ಮೇಲೆ ಧರ್ಮಸ್ಥಳ ನೋಡ್ದೆ, ಕುಕ್ಕೆ ನೋಡ್ದೆ, ಹೊರನಾಡು ನೋಡ್ದೆ. ಬರೀ ದೇವ್ರಿಗೆ ಅಂತ ಆದ್ರೆ ರೈಲೇ ಸಾಕು ಅಕ್ಕ. ಚಿಕ್ಕೋಳಿಂದ ನಮ್ಮ ಹೊಲದ ಮೇಲೆ ವಿಮಾನ ಹೋಗೋದು ನೋಡಿದೀನಿ. ಸದ್ದು ಕೇಳಿದ್ರೆ ಹುಲ್ಲಿನ ಹೊರೆ ಕೆಳಗಿಳಿಸಿ ನೋಡ್ತಿದ್ದೆ. ಒಂದ್ಸಲ ಅಲ್ಲಿಂದ ಇಲ್ಲಿಗೆ ನೋಡ್ಬೇಕು. ಅಷ್ಟೇ."

ನನಗೆ ಮಾತು ಹೊರಡಲಿಲ್ಲ.

ಆ ಯಜಮಾನರು ಕೆಟ್ಟವರಲ್ಲ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಹೋಗಿ ಅವರ ಹತ್ತಿರ ಕೂತೆ. ಮಳೆ, ಶುಂಠಿ, ಮಗಳ ಬಾಣಂತನ ಅಂತ ಮಾತು ಸುತ್ತಿತು. ಒಂದು ಗಂಟೆ ಆದ ಮೇಲೆ ವಿಷಯ ಹೊರಗೆ ಬಂತು. ಶುಂಠಿಗೆ ರೇಟು ಬಿದ್ದಾಗ 20,000 ಕೈಸಾಲ ಮಾಡಿದ್ದರು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಹೆಂಡತಿಗೆ ಹೇಳಿರಲಿಲ್ಲ. ಅವರು ಶೋಕಿ ಅಂದದ್ದು ಆ ಸಾಲದ ಹೆದರಿಕೆಗೆ. ವಿಮಾನದ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ.

ಇಲ್ಲಿ ಲೆಕ್ಕ ಒಂದು ಹೇಳಲೇಬೇಕು. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36. ಹೊರಗೆ 36 ಕಟ್ಟಿಕೊಂಡು ಒಳಗೆ 5.8ಕ್ಕೆ ಕೂಡಿಟ್ಟರೆ ಅದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಆರ್‌ಡಿ ಮಾಡಿಸಿದರೆ ನನಗೆ ಕಮಿಷನ್ ಬರುತ್ತದೆ, ಆದರೂ ಹೇಳುತ್ತೇನೆ. ಕೈಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಅದನ್ನು ಮುಚ್ಚಿಟ್ಟು ಹೆಂಡತಿಯ ಆಸೆಗೆ ಹೆಸರಿಡಬೇಡಿ.

ಆ ಸಂಜೆ ಮೂರು ಜನ ಕೂತು ಒಂದು ಹಾಳೆಯಲ್ಲಿ ಬರೆದೆವು. 20,000 ಕೈಸಾಲಕ್ಕೆ. 25,000 ಆಸ್ಪತ್ರೆ, ಮೋಟರು, ಇಂಥ ಅಡಚಣೆಗೆ, ಯಾರೂ ಮುಟ್ಟುವ ಹಾಗಿಲ್ಲ. ಮಿಕ್ಕಿದ 24,700 ಆ ತಾಯಿಯದು, ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ. ಹಾಳೆಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಸಾಲದ ವಿಷಯ ಕೇಳಿ ಆ ತಾಯಿಗೆ ನೋವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. "ನಂಗೆ ಹೇಳಿದ್ರೆ ಆಗಲೇ ತೀರಿಸ್ತಿರಲಿಲ್ವೇನ್ರೀ?" ಅಂದರು. ಗಂಡ ತಲೆ ತಗ್ಗಿಸಿ ಕೂತಿದ್ದರು.

ಕಾನೂನಿನ ಮಾತೂ ಒಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ, ಹೆಂಗಸು ತನ್ನ ದುಡಿಮೆಯಿಂದ ಸಂಪಾದಿಸಿದ್ದಕ್ಕೆ ಅವಳೇ ಪೂರ್ತಿ ಒಡತಿ. ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾದ ಮೇಲೆ ನನ್ನ ಹತ್ತಿರ ಎಷ್ಟೋ ಜನ ಮೊದಲ ಸಲ ಸ್ವಂತ ಹೆಸರಲ್ಲಿ ಪುಸ್ತಕ ಮಾಡಿಸಿದ್ದಾರೆ. ಅವರಿಗೆಲ್ಲ ಇದು ಗೊತ್ತಿರಬೇಕು. ಆದರೆ ಊಟದ ತಟ್ಟೆ ಪಕ್ಕ ಕಾಯ್ದೆ ಪುಸ್ತಕ ಇಟ್ಟುಕೊಂಡು ಸಂಸಾರ ಮಾಡೋಕೆ ಆಗುತ್ತಾ? ಕೂತು ಮಾತಾಡಬೇಕು.

ಬೇರೆಯವರ ಮನೆಯಲ್ಲಿ ಇಷ್ಟೆಲ್ಲ ಹೇಳಿ ಬಂದ ನಾನು ನನ್ನ ಮನೆಯಲ್ಲಿ ಏನು ಮಾಡಿದೆ, ಅದನ್ನೂ ಹೇಳಬೇಕು.

ನಮ್ಮ ಮನೆಯವರು ಬೆಳೆದದ್ದು ಮೈಸೂರಿನ ಯಾದವಗಿರಿ ಹತ್ತಿರ. ಅಲ್ಲಿ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ ಇತ್ತು. 1961ರಲ್ಲಿ ಗಾಡಿ ಹೊರಗೆ ಬರೋಕೆ ಶುರುವಾಗಿ 1996ರಲ್ಲಿ ಮುಚ್ಚಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. ಇವರ ಸೋದರಮಾವ ಅಲ್ಲಿ ಕೆಲಸಕ್ಕಿದ್ದರು. ಸಂಜೆ ಆಯಿಲ್ ವಾಸನೆಯ ಅಂಗಿಯಲ್ಲೇ ಇವರನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಒಂಟಿಕೊಪ್ಪಲು ಕಡೆ ಒಂದು ರೌಂಡು ಹೊಡೆಸುತ್ತಿದ್ದರಂತೆ. ಯೆಜ್ಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಿಟ್ಟರೆ ಗೇರ್. ಇದನ್ನು ನನಗೆ ಮದುವೆಯಾದ ಹೊಸದರಲ್ಲಿ ಕೈಯಲ್ಲೇ ಆಡಿಸಿ ತೋರಿಸಿದ್ದರು.

ಹೋದ ಆಗಸ್ಟ್‌ನಲ್ಲಿ ಅವರ ಆರ್‌ಡಿ ತುಂಬಿತು. ಊಟ ಮಾಡುವಾಗ ಕೇಳಿದರು. "ಮೈಸೂರಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಮಾರಾಟಕ್ಕಿದೆಯಂತೆ. ಸುಮ್ನೆ ಹೋಗಿ ನೋಡ್ಕೊಂಡು ಬರ್ಲಾ?" ತಟ್ಟೆ ಎತ್ತಿಕೊಂಡು ಎದ್ದವಳು ನಾನು ತಿರುಗಿ ಕೂಡ ನೋಡಲಿಲ್ಲ. "ಈ ವಯಸ್ಸಲ್ಲಿ ಏನ್ರೀ ನಿಮ್ಮ ಶೋಕಿ?" ಅಂದೆ. ನಾದಿನಿ ಎದುರಿಗೇ ಕೂತಿದ್ದರು.

"ಸರಿ ಬಿಡು" ಅಂದರು. ಮಾರನೇ ದಿನ ಆ ದುಡ್ಡನ್ನು ಪೋಸ್ಟ್ ಆಫೀಸಿನ ಟೈಮ್ ಡೆಪಾಸಿಟ್‌ಗೆ, ಅಂದರೆ ಇಂತಿಷ್ಟು ಅವಧಿಗೆ ಅಂತ ಇಡುವ ಠೇವಣಿಗೆ, ಹಾಕಿದರು. ಫಾರಂ ನಾನೇ ತುಂಬಿದೆ. ಒಳ್ಳೆಯದೇ ಆಯಿತು ಅಂದುಕೊಂಡೆ.

ಕಾರ್ತಿಕದಲ್ಲಿ ಆ ತಾಯಿ ಕಾಶಿಯಿಂದ ಬಂದು ಫೋನ್ ಮಾಡಿದರು. "ಅಕ್ಕ, ಹೊಲ ಕಾಣ್ಲಿಲ್ಲ. ಬರೀ ಮೋಡ. ಆದ್ರೂ ಇಳಿಯೋವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ." ಅವರ ಗಂಡ ಫೋನ್ ಇಸ್ಕೊಂಡು, "ಮೋಡದ ಫೋಟೋ ಊರಿಗೆಲ್ಲ ತೋರಿಸ್ತಾ ಇದಾಳೆ ಮೇಡಂ" ಅಂದರು. ಆ ದನಿಯಲ್ಲಿ ಖುಷಿ ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮನುಷ್ಯನ ಹತ್ತಿರ ಒಂದು ಗಂಟೆ ಕೂತಿದ್ದೆ. ನಮ್ಮ ಮನೆಯವರ ಹತ್ತಿರ ಒಂದು ನಿಮಿಷ ಕೂರಲಿಲ್ಲ. ನನ್ನ ಹೆದರಿಕೆ ಏನು ಅಂತ ಯೋಚಿಸುತ್ತಾ ಮಲಗಿದ್ದಾಗ ಅಮ್ಮನ ಕೈ ಕಣ್ಣ ಮುಂದೆ ಬಂತು. ನಮ್ಮಪ್ಪನಿಗೆ ನಾಟಕದ ಹುಚ್ಚು. ಊರಿನ ನಾಟಕಕ್ಕೆ ಸೀನರಿ, ಡ್ರೆಸ್ಸು ಅಂತ ದುಡ್ಡು ಸುರಿದರು. ಅಮ್ಮನ ಎರಡು ಬಳೆ ಗಿರವಿಗೆ ಹೋದದ್ದು ವಾಪಸ್ಸು ಬರಲಿಲ್ಲ. ಗಂಡಸು ತನ್ನ ಖುಷಿಗೆ ದುಡ್ಡು ಅಂದರೆ ಸಾಕು, ನನಗೆ ಆ ಬರಿಗೈ ನೆನಪಾಗುತ್ತದೆ. ಮದುವೆಯಾಗಿ ಇಪ್ಪತ್ತೇಳು ವರ್ಷ, ಈ ಮಾತು ಇವರಿಗೆ ಹೇಳಿರಲಿಲ್ಲ. ಬೆಳಗ್ಗೆ ಹೇಳಿದೆ. ಅವರು ಕಾಫಿ ಕುಡಿಯುವುದನ್ನು ನಿಲ್ಲಿಸಿ ಕೇಳಿದರು. "ನಂಗೆ ಗೊತ್ತಿದ್ರೆ ಬೇರೆ ಥರ ಕೇಳ್ತಿದ್ದೆ ಕಣೇ" ಅಂದರು.

ಆಮೇಲೆ ನಮ್ಮ ಮನೆಯಲ್ಲೂ ಒಂದು ಹಾಳೆ ಬಂತು. ಮಗನ ಕೊನೇ ವರ್ಷದ ಫೀಸು ಒಂದು ಕಡೆ. ಆರು ತಿಂಗಳ ಮನೆ ಖರ್ಚು ಒಂದು ಕಡೆ. ಮಿಕ್ಕಿದ್ದು ಇವರಿಗೆ. ಗಾಡಿಯ ಬೆಲೆಯೊಂದೇ ಬರೆದರೆ ಸಾಲದು ಅಂತ ಇವರೇ ಹೇಳಿ ಆರ್‌ಸಿ ರಿನ್ಯೂವಲ್, ಹಸಿರು ತೆರಿಗೆ, ಇನ್ಶೂರೆನ್ಸು, ಸ್ಪೇರ್ ಪಾರ್ಟು ಎಲ್ಲ ಬರೆಸಿದರು. ತಿಂಗಳಿಗೆ 500 ನನಗೂ ಇಟ್ಟರು. ಏನಕ್ಕೆ ಅಂತ ನಾನಿನ್ನೂ ಯೋಚಿಸಿಲ್ಲ.

ಮೈಸೂರಿನ ಆ ರೋಡ್‌ಕಿಂಗ್ ಅಷ್ಟರಲ್ಲಿ ಮಾರಿಹೋಗಿತ್ತು. ಅದು ನನ್ನ ಒಂದು ಮಾತಿಗೆ ಹೋಯಿತು, ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಈಗ ನಂಜನಗೂಡಿನ ಹತ್ತಿರ ಇನ್ನೊಂದು ಇದೆಯಂತೆ. ಇವರ ಟೈಮ್ ಡೆಪಾಸಿಟ್ ಆರು ತಿಂಗಳು ಆಗದೆ ಮುರಿಸುವ ಹಾಗಿಲ್ಲ, ಅದು ಈಗಷ್ಟೇ ಆಯಿತು. ಒಂದು ವರ್ಷ ತುಂಬುವ ಮೊದಲು ಮುರಿಸಿದರೆ ಬಡ್ಡಿ ನೂರಕ್ಕೆ 4ರ ಲೆಕ್ಕದಲ್ಲಿ ಬರುತ್ತದೆ. ಬರಲಿ.

ಈ ಭಾನುವಾರ ಇಬ್ಬರೂ ನಂಜನಗೂಡಿಗೆ ಹೋಗುತ್ತಿದ್ದೇವೆ. ಹಾಳೆ ನನ್ನ ಬ್ಯಾಗಿನಲ್ಲಿದೆ. ಬರೆದದ್ದಕ್ಕಿಂತ ಜಾಸ್ತಿ ಹೇಳಿದರೆ ವಾಪಸ್ಸು ಬರೋಣ ಅಂತ ಅವರೇ ಹೇಳಿದ್ದಾರೆ. ಒಂದು ಸಲ ಕಿಕ್ ಹೊಡೆದು ನೋಡೋಕೆ ಮಾತ್ರ ಬಿಡಬೇಕಂತೆ.

ನಮಸ್ಕಾರ.